ಅರಗುಮಣಿಯ ಉಂಗುರ: ತಯಾರಿಕೆಯ ಕ್ರಮ ಮತ್ತು ಸವೆತದ ಪರೀಕ್ಷೆ

ಚನ್ನಪಟ್ಟಣವೆಂದರೆ ಬಣ್ಣದ ಗೊಂಬೆಗಳ ಊರು ಎಂಬುದು ಜನಜನಿತ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಈ ಪಟ್ಟಣದ ಲೇತುಗಳಿಂದ ಗೊಂಬೆಗಳಷ್ಟೇ ಅಲ್ಲದೆ ಮಣಿ, ಬಳೆ, ಸರ, ಕಿವಿಯೋಲೆ, ಉಂಗುರಗಳೂ ಹೊರಬರುತ್ತವೆ. ಆಟಿಕೆಗೆ ಕಡೆದು ಉಳಿದ ಮರದ ಚೂರು ಮಣಿಗೆ ಸಾಕಾಗುತ್ತದೆ. ಪೋಣಿಸುವ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡಬಹುದು. ಸರಕು ಹಗುರ, ಒಂದು ಸಣ್ಣ ಪೆಟ್ಟಿಗೆಯಲ್ಲಿ ನೂರಾರು ಉಂಗುರಗಳನ್ನು ಅಂಚೆಯಲ್ಲಿ ಕಳುಹಿಸಬಹುದು. ಸಣ್ಣ ಉತ್ಪಾದಕರಿಗೆ ಈ ವಸ್ತು ಆಕರ್ಷಕವಾಗಿ ಕಾಣುವುದು ಸಹಜವೇ.

ಆದರೆ ಗೊಂಬೆ ಕಪಾಟಿನಲ್ಲಿ ಕೂರುತ್ತದೆ. ಸರ ಬಟ್ಟೆಯ ಮೇಲೆ ತೂಗುತ್ತದೆ. ಉಂಗುರವಾದರೋ ಕೈ ಮಾಡುವ ಎಲ್ಲ ಕೆಲಸಗಳಲ್ಲೂ ಪಾಲುಗೊಳ್ಳುತ್ತದೆ. ಪಾತ್ರೆ ತೊಳೆಯುವಾಗ ಸೋಪಿನ ನೀರಿನಲ್ಲಿ ನೆನೆಯುತ್ತದೆ, ಬಸ್ಸಿನ ಕಂಬಿಗೆ ಉಜ್ಜುತ್ತದೆ, ಒಲೆಯ ಬಿಸಿಗೆ ಒಡ್ಡಿಕೊಳ್ಳುತ್ತದೆ. ಗೊಂಬೆಗೆ ತಲೆಮಾರುಗಳಿಂದ ಒಪ್ಪಿಬಂದ ಅರಗಿನ ಲೇಪ ಬೆರಳಿಗೂ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ಮಾಲು ಮಾರುಕಟ್ಟೆಗೆ ಹೋಗುವ ಮುನ್ನವೇ ಕೇಳಿಕೊಳ್ಳಬೇಕಾಗಿದೆ. ಗಿರಾಕಿಯ ಬೆರಳಿನ ಮೇಲೆ ಬಣ್ಣ ಬಿಟ್ಟ ಒಂದು ಉಂಗುರ ಅದನ್ನು ಕಡೆದ ಕುಶಲಕರ್ಮಿಯ ಹೆಸರನ್ನಲ್ಲ, ಇಡೀ ಊರಿನ ಹೆಸರನ್ನು ಕೆಡಿಸುತ್ತದೆ.

ಮರ ಮತ್ತು ಅರಗು

ಚನ್ನಪಟ್ಟಣದ ಸಾಂಪ್ರದಾಯಿಕ ಮರ ಆಲೆ ಮರ. ಹಾಲೆ ಎಂದೂ ಕರೆಯುವುದುಂಟು. ಮಾಗಡಿ, ಕನಕಪುರ ಕಡೆಯಂತಹ ಒಣ ಪ್ರದೇಶದ ಕುರುಚಲು ಕಾಡುಗಳಲ್ಲಿ ಬೆಳೆಯುವ ಈ ಮರದ ತಿರುಳು ಬಿಳುಪು, ಎಳೆ ಸಣ್ಣದು, ಉಳಿಗೆ ಸುಲಭವಾಗಿ ಒಗ್ಗುತ್ತದೆ. ಬಿಳಿಯ ಮರವಾದ್ದರಿಂದ ಮೇಲೆ ಹಚ್ಚಿದ ಬಣ್ಣ ಕಂದುವುದಿಲ್ಲ. ಈಚಿನ ದಶಕಗಳಲ್ಲಿ ರಬ್ಬರ್ ಮರ, ಸಿಲ್ವರ್ ಓಕ್, ನೀಲಗಿರಿಗಳೂ ಬಳಕೆಗೆ ಬಂದಿವೆ. ಯಾವ ಮರವೇ ಆಗಲಿ, ಚೆನ್ನಾಗಿ ಒಣಗಿರಬೇಕು. ಹಸಿ ಮರದ ಮೇಲೆ ಹಚ್ಚಿದ ಅರಗು, ಮರ ಕುಗ್ಗಿದಾಗ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಆ ಬಿರುಕಿನೊಳಗೆ ನೀರು ಸೇರಿದ ಮೇಲೆ ಉಳಿದ ಲೇಪ ಹೆಚ್ಚು ಕಾಲ ನಿಲ್ಲಲಾರದು.

ಅರಗು ಕೀಟಜನ್ಯ ರಾಳ. ಜಾರ್ಖಂಡ್, ಛತ್ತೀಸಗಢ, ಮಧ್ಯಪ್ರದೇಶ, ಪಶ್ಚಿಮ ಬಂಗಾಳಗಳಲ್ಲಿ ಮುತ್ತುಗ, ಕುಸುಮ, ಬೋರೆ ಮರಗಳ ಮೇಲೆ ಸಾಕಿದ ಅರಗಿನ ಹುಳುಗಳಿಂದ ಇದು ದೊರೆಯುತ್ತದೆ. ಇದರ ಸಂಶೋಧನೆಗೆಂದೇ 1924ರಲ್ಲಿ ರಾಂಚಿಯ ಬಳಿ ಸಂಸ್ಥೆಯೊಂದು ಸ್ಥಾಪನೆಯಾಯಿತು. ಶುದ್ಧಗೊಳಿಸಿದ ಅರಗನ್ನು ಕರಗಿಸಿ, ಬಣ್ಣ ಬೆರೆಸಿ, ನಾದಿ, ಕಡ್ಡಿಗಳನ್ನಾಗಿ ಮಾಡಿಕೊಳ್ಳುತ್ತಾರೆ. ಲೇತಿನಲ್ಲಿ ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅನಂತರ ಕೇದಗೆ ಜಾತಿಯ ಒಣಗರಿಯಿಂದ ಉಜ್ಜಿದರೆ ಲೇಪ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಇಲ್ಲಿ ಕುಂಚವಿಲ್ಲ, ಒಣಗುವವರೆಗೆ ಕಾಯುವ ಕೆಲಸವಿಲ್ಲ, ಮೂಗಿಗೆ ಬಡಿಯುವ ದ್ರಾವಕವೂ ಇಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕಾದದ್ದು. ಅರಗನ್ನು ಮತ್ತೆ ಮತ್ತೆ ಕರಗಿಸುತ್ತ ಹೋದರೆ ಅದರ ಹರಿಯುವ ಗುಣ ಕುಂದಿ, ಕೊನೆಗೆ ರಬ್ಬರಿನಂತಾಗಿ ಕರಗದ ಸ್ಥಿತಿಗೆ ಬರುತ್ತದೆ. ಉಳಿದ ತುಣುಕುಗಳನ್ನೆಲ್ಲ ಕೂಡಿಸಿ ಹತ್ತಾರು ಬಾರಿ ಕಾಯಿಸಿದ ಕಡ್ಡಿಯಿಂದ ಹಚ್ಚಿದ ಲೇಪ ಮರವನ್ನು ಬಿಗಿಯಾಗಿ ಕಚ್ಚುವುದಿಲ್ಲ. ದೊಡ್ಡ ಗೊಂಬೆಯಲ್ಲಿ ಈ ದೋಷ ಎದ್ದು ಕಾಣದಿರಬಹುದು. ಮಣಿಯಲ್ಲಿ ಲೇಪ ಚಕ್ಕೆಯಾಗಿ ಏಳುತ್ತದೆ.

ಇಡಿಯ ಉಂಗುರವೋ, ಮಣಿಯ ಉಂಗುರವೋ?

ಮರದ ಉದ್ದನೆಯ ಕೋಲನ್ನು ಲೇತಿಗೆ ಸಿಕ್ಕಿಸಿ, ನಡುವೆ ಕೊರೆದು, ಬಳೆಯಂತೆ ತುಂಡರಿಸುವುದು ಸುಲಭದ ಮಾರ್ಗ. ಆದರೆ ಈ ಕ್ರಮದಲ್ಲಿ ಮರದ ಎಳೆಗಳು ಬೆರಳಿನ ಉದ್ದಕ್ಕೆ ಸಮಾನಾಂತರವಾಗಿ ನಿಲ್ಲುತ್ತವೆ. ಉಂಗುರವನ್ನು ಹಿಗ್ಗಿಸುವ ಯಾವುದೇ ಬಲ ಎಳೆಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಸೌದೆ ಸೀಳುವುದೂ ಇದೇ ತತ್ತ್ವದಿಂದ. ಎರಡು ಮಿ.ಮೀ. ದಪ್ಪದ ಇಂತಹ ಉಂಗುರ ಸಿಮೆಂಟು ನೆಲದ ಮೇಲೆ ಬಿದ್ದರೆ ಎರಡಾಗುವ ಸಂಭವ ಹೆಚ್ಚು. ದಪ್ಪ ಹೆಚ್ಚಿಸಿದರೆ ಬೆರಳುಗಳ ನಡುವೆ ಒತ್ತುತ್ತದೆ. ಸಣ್ಣ ಮಣಿಗಳನ್ನು ಪೋಣಿಸಿ ಮಾಡಿದ ಉಂಗುರದಲ್ಲಿ ಎಳೆತದ ಬಲವನ್ನು ಮರವಲ್ಲ, ದಾರ ಅಥವಾ ತಂತಿ ಹೊರುತ್ತದೆ. ಮಣಿಯ ಉಂಗುರಕ್ಕಿರುವ ನಿಜವಾದ ಅನುಕೂಲ ಇದು.

ಮಣಿಯ ಉಂಗುರದ ತೊಡಕು ಅಳತೆಯದು. ಒಳವ್ಯಾಸ ಸುಮಾರು 17 ಮಿ.ಮೀ. ಇರುವ ಉಂಗುರಕ್ಕೆ 6 ಮಿ.ಮೀ. ಮಣಿಗಳು 12 ಬೇಕು; ಆಗ ಒಳವ್ಯಾಸ 17.2 ಮಿ.ಮೀ. ಬರುತ್ತದೆ. ಇನ್ನೊಂದು ಮಣಿ ಸೇರಿಸಿದರೆ ಅದು 19 ಮಿ.ಮೀ. ದಾಟುತ್ತದೆ. ನಡುವಿನ ಅಳತೆ ದೊರೆಯುವುದೇ ಇಲ್ಲ. 4 ಮಿ.ಮೀ. ಮಣಿಯಾದರೆ 16ಕ್ಕೆ 16.5 ಮಿ.ಮೀ., 17ಕ್ಕೆ 17.8 ಮಿ.ಮೀ.; ಅಂತರ ಕಿರಿದಾಯಿತು, ಆದರೆ ಅಷ್ಟು ಸಣ್ಣ ಮರದ ಮಣಿಗೆ ನೇರವಾಗಿ ತೂತು ಕೊರೆಯುವುದು ಶ್ರಮದ ಕೆಲಸ, ಒಡೆದು ಹೋಗುವ ಮಣಿಗಳೂ ಹೆಚ್ಚು. ಹಿಗ್ಗುವ ಎಲಾಸ್ಟಿಕ್ ದಾರ ಬಳಸಿದರೆ ಅಳತೆಯ ಸಮಸ್ಯೆ ತೀರಿತೆಂದು ಹಲವರು ಭಾವಿಸುತ್ತಾರೆ. ಆದರೆ ಎಲಾಸ್ಟಿಕ್ ಕೆಲವು ತಿಂಗಳಲ್ಲಿ ಸಡಿಲಗೊಳ್ಳುತ್ತದೆ. ಸಡಿಲವಾದೊಡನೆ ಮಣಿಗಳು ಒಂದಕ್ಕೊಂದು ತಾಗಿ ಉಜ್ಜತೊಡಗುತ್ತವೆ.

ಹಾಗಾಗಿ ತೂತಿನ ಬಾಯಿಗೆ ವಿಶೇಷ ಗಮನ ಕೊಡಬೇಕು. ಮಣಿಯ ಹೊಟ್ಟೆಗಿಂತ ಮೊದಲು ಸವೆಯುವುದು ತೂತಿನ ಸುತ್ತಲಿನ ಅಂಚು. ಅಲ್ಲಿ ಅರಗು ತೆಳು, ಪಕ್ಕದ ಮಣಿಯ ಒತ್ತಡ ಹೆಚ್ಚು. ಕೊರೆದ ಮೇಲೆ ಅಂಚನ್ನು ಸ್ವಲ್ಪ ಒಳಸರಿಸಿ ಮೊಂಡಾಗಿಸಿ, ಅನಂತರ ಅರಗು ಹಚ್ಚಿದರೆ ಲೇಪ ಅಂಚನ್ನು ಸುತ್ತಿ ಹಿಡಿಯುತ್ತದೆ, ದಾರವೂ ಕತ್ತರಿಸುವುದಿಲ್ಲ. ಬಣ್ಣ ಹಚ್ಚಿದ ಮೇಲೆ ತೂತು ಕೊರೆಯುವ ಅಭ್ಯಾಸವಿದ್ದರೆ ಬಿಡುವುದೇ ಲೇಸು. ದಾರಕ್ಕೆ ದೂರ ಹೋಗಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರ ಹತ್ತಿರದಲ್ಲೇ ಇದೆ. ಮುತ್ತು ಪೋಣಿಸುವವರು ಜಗತ್ತಿನಾದ್ಯಂತ ನೆಚ್ಚಿಕೊಂಡಿರುವುದು ಹುರಿಮಾಡಿದ ರೇಷ್ಮೆಯನ್ನೇ. ಕಚ್ಚಾ ರೇಷ್ಮೆಯಲ್ಲಿರುವ ಅಂಟು ಬಿಸಿ ಸೋಪಿನ ನೀರಿನಲ್ಲಿ ಬಿಡುವುದರಿಂದ, ಕುದಿಸಿ ಅಂಟು ತೆಗೆದ ಹುರಿಯನ್ನೇ ಬಳಸಬೇಕು. ಎರಡು ಮಣಿಗಳ ನಡುವೆ ಒಂದು ಗಂಟು ಹಾಕಿದರೆ ಮಣಿ ಮಣಿಗೆ ತಾಗುವುದಿಲ್ಲ.

ಕೈಯಲ್ಲಿ ಅರಗಿಗಿರುವ ಶತ್ರುಗಳು

ಬೆವರೇ ಮೊದಲ ಶತ್ರು ಎಂಬ ಸಾಮಾನ್ಯ ನಂಬಿಕೆ ಸರಿಯಲ್ಲ. ಬೆವರು ಬಹುತೇಕ ಸೌಮ್ಯ ಆಮ್ಲ. ಅರಗು ಸೌಮ್ಯ ಆಮ್ಲವನ್ನು ಸಹಿಸುತ್ತದೆ. ಅರಗು ಸೋಲುವುದು ಕ್ಷಾರಕ್ಕೆ. ಸ್ನಾನದ ಮತ್ತು ಬಟ್ಟೆಯ ಸೋಪು ಕ್ಷಾರಗುಣದವು. ದಿನಕ್ಕೆ ಹತ್ತು ಬಾರಿ ಕೈ ತೊಳೆಯುವವರ ಉಂಗುರದ ಹೊಳಪು ಮಂಕಾಗುವುದಕ್ಕೆ ಕಾರಣ ಇದು. ಬರಿಯ ನೀರಿನಲ್ಲಿ ಅರಗು ಕರಗದಿದ್ದರೂ, ಹೆಚ್ಚು ಹೊತ್ತು ನೆನೆದರೆ ಬಿಳಿಚಿಕೊಳ್ಳುತ್ತದೆ.

ಇನ್ನೊಂದು ಶತ್ರು ಮದ್ಯಸಾರ. ಮರಗೆಲಸದವರು ಪಾಲಿಶ್ ತಯಾರಿಸಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದು ಎಲ್ಲರಿಗೂ ತಿಳಿದದ್ದೇ. 2020ರ ಕೊರೋನಾ ಪಿಡುಗಿನಿಂದೀಚೆಗೆ ಅದೇ ಮದ್ಯಸಾರ ಸ್ಯಾನಿಟೈಸರ್ ರೂಪದಲ್ಲಿ ಜನರ ಕೈಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿಶ್ರಣಗಳಲ್ಲಿ ಒಂದರಲ್ಲಿ ಶೇ. 80ರಷ್ಟು ಎಥನಾಲ್, ಮತ್ತೊಂದರಲ್ಲಿ ಶೇ. 75ರಷ್ಟು ಐಸೊಪ್ರೊಪೈಲ್ ಮದ್ಯಸಾರವಿದೆ. ಉಂಗುರ ತೊಟ್ಟ ಕೈಗೆ ಇದನ್ನು ಹಚ್ಚಿ ತಿಕ್ಕಿದರೆ ಲೇಪದ ಮೇಲ್ಪದರ ಮೆತ್ತಗಾಗಿ ಅಂಟಂಟಾಗುತ್ತದೆ, ಬಣ್ಣ ಬೆರಳಿಗೆ ಹತ್ತುತ್ತದೆ. ಗೊಂಬೆಯ ಕಾಲದಲ್ಲಿ ಯಾರೂ ಯೋಚಿಸಬೇಕಾಗಿರದಿದ್ದ ತೊಂದರೆ ಇದು.

ಶಾಖವನ್ನೂ ಮರೆಯಲಾಗದು. ಅರಗು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಿಂದ ಮೆತ್ತಗಾಗತೊಡಗಿ 75ರಿಂದ 80 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಬೆರಳಿನ ಮೇಲೆ ಅಷ್ಟು ಶಾಖ ಬರುವುದಿಲ್ಲ. ಆದರೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಮುಂಭಾಗದ ಹಲಗೆಯ ಮೇಲೆ ಬರುತ್ತದೆ. ಅಲ್ಲಿಟ್ಟ ಉಂಗುರದ ಮಣಿಗಳು ಒಂದಕ್ಕೊಂದು ಅಂಟಿಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ.

ಬಣ್ಣದ ಆಯ್ಕೆಯೂ ಬಾಳಿಕೆಯ ಭಾಗವೇ. ಅರಿಶಿನದಿಂದ ಬಂದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ. ಅದಲ್ಲದೆ ಆರತಿಯ ಓಕುಳಿಯಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದೊಡನೆ ಕೆಂಪಾಗುವುದನ್ನು ಎಲ್ಲ ಮನೆಗಳಲ್ಲೂ ನೋಡಿದ್ದಾರೆ. ಲೇಪ ಸವೆದ ಜಾಗದಲ್ಲಿ ಸೋಪಿನ ಕ್ಷಾರಕ್ಕೂ ಅದೇ ಪರಿಣಾಮ. ನೈಸರ್ಗಿಕ ಬಣ್ಣವೆಂದು ಮಾರುವವರು ಈ ಮಾತನ್ನು ಗಿರಾಕಿಗೆ ಮೊದಲೇ ತಿಳಿಸುವುದು ಪ್ರಾಮಾಣಿಕತೆ.

ಕಾರ್ಖಾನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ದುಬಾರಿ ಯಂತ್ರಗಳಿಲ್ಲದೆಯೂ ಮಣಿಯ ಗುಣವನ್ನು ಸಾಕಷ್ಟು ತಿಳಿಯಬಹುದು. ಒದ್ದೆ ಮಾಡಿದ ಬಿಳಿ ಹತ್ತಿಬಟ್ಟೆಯಿಂದ ಮಣಿಯನ್ನು ಒಂದೇ ಒತ್ತಡದಲ್ಲಿ ನೂರು ಸಲ ಉಜ್ಜಿ ಬಟ್ಟೆಯನ್ನು ಹಗಲು ಬೆಳಕಿನಲ್ಲಿ ನೋಡುವುದು ಮೊದಲ ಹೆಜ್ಜೆ. ಬಟ್ಟೆಗೆ ಬಣ್ಣ ಹತ್ತಿದರೆ ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ. ಬಳಿಕ ಐದು ಮಣಿಗಳನ್ನು ಸೋಪಿನ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟು, ಒರೆಸಿ, ಒಂದು ರಾತ್ರಿ ಒಣಗಲು ಬಿಟ್ಟು ಮುಟ್ಟದ ಮಣಿಯ ಪಕ್ಕದಲ್ಲಿಟ್ಟು ಹೊಳಪನ್ನು ಹೋಲಿಸಬೇಕು. ಬೇರೆ ಐದು ಮಣಿಗಳ ಮೇಲೆ ಒಂದೊಂದು ಹನಿ ಸ್ಯಾನಿಟೈಸರ್ ಹಾಕಿ, ಒಂದು ನಿಮಿಷದ ನಂತರ ಬಿಳಿ ಬಟ್ಟೆಯಿಂದ ಒತ್ತಬೇಕು. ಬರಿಯ ಅರಗಿನ ಮಣಿ ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ. ಎಷ್ಟು ಬಣ್ಣ ಬಿಟ್ಟಿತು, ಒಣಗಿದ ಮೇಲೆ ಹೊಳಪು ಮರಳಿತೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಬೆವರಿಗಾಗಿ ಯುರೋಪಿನ ಇ.ಎನ್. 1811 ಮಾನಕದಲ್ಲಿರುವ ಕೃತಕ ಬೆವರಿನ ಪ್ರಮಾಣವನ್ನೇ ಅನುಸರಿಸಬಹುದು: ಒಂದು ಲೀಟರ್ ನೀರಿಗೆ 5 ಗ್ರಾಂ ಉಪ್ಪು, 1 ಗ್ರಾಂ ಯೂರಿಯಾ, 1 ಗ್ರಾಂ ಲ್ಯಾಕ್ಟಿಕ್ ಆಮ್ಲ, ಇದರ ಪಿ.ಎಚ್. 6.5ಕ್ಕೆ ಸರಿಹೊಂದಿಸಿರಬೇಕು. ಈ ದ್ರವದಲ್ಲಿ ಅದ್ದಿದ ಕಾಗದವನ್ನು ಮಣಿಗೆ ಸುತ್ತಿ ದೇಹದ ಶಾಖದಲ್ಲಿ ಎರಡು ಗಂಟೆ ಇಟ್ಟು ತೆಗೆದಾಗ ಕಾಗದ ಬಿಳಿಯಾಗಿಯೇ ಇರಬೇಕು.

ಸವೆತವನ್ನು ಅಂಕಿಯಲ್ಲಿ ಹಿಡಿಯಲು ಉರುಳು ಡಬ್ಬಿಯ ಪರೀಕ್ಷೆ ಉತ್ತಮ. ಸುಮಾರು 10 ಸೆಂ.ಮೀ. ವ್ಯಾಸದ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಮಣಿ ಮತ್ತು 100 ಗ್ರಾಂ ಜರಡಿ ಹಿಡಿದ ಒಣ ಮರಳನ್ನು ಹಾಕಿ, ಮಲಗಿಸಿ, ನಿಮಿಷಕ್ಕೆ 60 ಸುತ್ತಿನಂತೆ ಎರಡು ಗಂಟೆ ತಿರುಗಿಸಬೇಕು. ಪವರ್ ಲೇತಿಗೇ ಡಬ್ಬಿಯನ್ನು ಕಟ್ಟಿಬಿಡುವ ಆಸೆ ಬರಬಹುದು, ಆದರೆ ಅದರ ವೇಗ ಬಹಳ. ನಿಮಿಷಕ್ಕೆ ಸುಮಾರು 130 ಸುತ್ತು ದಾಟಿದರೆ ಮಣಿಗಳು ಉರುಳದೆ ಡಬ್ಬಿಯ ಗೋಡೆಗೆ ಅಂಟಿಕೊಂಡು ತಿರುಗುತ್ತವೆ, ಸವೆತವೇ ಆಗುವುದಿಲ್ಲ. ಒಳಗೆ ಮಣಿ ಉರುಳುವ ಸದ್ದು ಕೇಳುತ್ತಿರಬೇಕು. ಸದ್ದು ನಿಂತರೆ ವೇಗ ಹೆಚ್ಚಾಯಿತೆಂದೇ ಅರ್ಥ. ಬೆಲ್ಟು ಮತ್ತು ದೊಡ್ಡ ರಾಟೆಯಿಂದ ವೇಗ ತಗ್ಗಿಸಿಕೊಳ್ಳಬಹುದು.

ತೂಕ ಮಾಡುವಲ್ಲಿ ಹಲವರು ಎಡವುತ್ತಾರೆ. 6 ಮಿ.ಮೀ.ನ ನೂರು ಮಣಿಗಳ ತೂಕ ಸುಮಾರು 8 ಗ್ರಾಂ. ಲೇಪ ಮಿ.ಮೀ.ನ ಹತ್ತನೇ ಒಂದು ಭಾಗ ದಪ್ಪವಿದ್ದರೆ ಅದರಲ್ಲಿ ಅರಗು ಸುಮಾರು 1.2 ಗ್ರಾಂ ಮಾತ್ರ. ಚಿನಿವಾರರ ಬಳಿಯಿರುವ, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಇದಕ್ಕೆ ಸಾಕು. ಆದರೆ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ತೇವಾಂಶ ಶೇ. 2ರಷ್ಟು ಏರಿಳಿದರೂ ತೂಕ 0.15 ಗ್ರಾಂ ಬದಲಾಗುತ್ತದೆ. ಇದು ಅರಗಿನ ಎಂಟನೇ ಒಂದು ಭಾಗಕ್ಕೆ ಸಮ. ಮಳೆಯ ದಿನ ತೂಗಿದರೆ ಸವೆದ ಮಣಿಯೂ ಸವೆಯದಂತೆ ಕಂಡೀತು. ಪರಿಹಾರ ಸರಳ. ಅದೇ ತಂಡದ ಬೇರೆ ನೂರು ಮಣಿಗಳನ್ನು ಅದೇ ಕೋಣೆಯಲ್ಲಿ ಮುಟ್ಟದೆ ಇಟ್ಟು, ಎರಡನ್ನೂ ಒಟ್ಟಿಗೆ ತೂಗಬೇಕು. ಉದಾಹರಣೆಗೆ, ಡಬ್ಬಿಗೆ ಹಾಕಿದವು 8.00ರಿಂದ 7.70 ಗ್ರಾಂಗೆ ಇಳಿದು, ಮುಟ್ಟದವು 8.00ರಿಂದ 8.10ಕ್ಕೆ ಏರಿದ್ದರೆ ನಿಜವಾದ ಸವೆತ 0.30 ಅಲ್ಲ, 0.40 ಗ್ರಾಂ, ಅಂದರೆ ಲೇಪದ ಮೂರನೇ ಒಂದು ಭಾಗ ಹೋಯಿತು. ತೂಗುವ ಮೊದಲು ತೂತಿನಲ್ಲಿ ಸಿಕ್ಕಿದ ಮರಳನ್ನು ಊದಿ ತೆಗೆಯಲು ಮರೆಯಬಾರದು.

ಈ ಅಂಕಿಗೆ ತನ್ನಷ್ಟಕ್ಕೆ ತಾನೇ ದೊಡ್ಡ ಅರ್ಥವಿಲ್ಲ. ಒಂದು ತಂಡವನ್ನು ಇನ್ನೊಂದರೊಡನೆ ಹೋಲಿಸಲು ಅದು ನೆರವಾಗುತ್ತದೆ. ಹೊಸ ಅರಗಿನ ಕೆಂಪು ಮಣಿ, ಹಳೆಯ ಕಡ್ಡಿಯ ಹಸಿರು ಮಣಿಗಳನ್ನು ಒಂದೇ ಡಬ್ಬಿಯಲ್ಲಿ ಉರುಳಿಸಿದರೆ ಎರಡಕ್ಕೂ ಸಮಾನ ಪೆಟ್ಟು ಬೀಳುತ್ತದೆ. ಆಮೇಲೆ ಬಣ್ಣ ನೋಡಿ ಬೇರ್ಪಡಿಸಿ ತೂಗಿದರೆ ತೀರ್ಪು ಅಲ್ಲೇ ದೊರೆಯುತ್ತದೆ.

ಕೊನೆಯದು ತೊಟ್ಟು ನೋಡುವ ಪರೀಕ್ಷೆ. ಹನ್ನೆರಡು ಮಂದಿಗೆ ಉಂಗುರ ಕೊಟ್ಟು ನಾಲ್ಕು ವಾರ ತೊಡಲು ಹೇಳಿ, 7, 14 ಮತ್ತು 28ನೆಯ ದಿನ ಮಸೂರದಡಿ ನೋಡಬೇಕು. ಎಲ್ಲರೂ ಕಚೇರಿಯವರಾಗಿದ್ದರೆ ಪ್ರಯೋಜನವಿಲ್ಲ. ಅಡುಗೆಮನೆಯವರು, ದ್ವಿಚಕ್ರ ವಾಹನ ಓಡಿಸುವವರು, ಆಸ್ಪತ್ರೆಯ ದಾದಿಯರು, ಬಿಸಿನೀರಿನ ಬೋಗುಣಿಯಲ್ಲಿ ಕೈಯಾಡಿಸುವ ರೇಷ್ಮೆ ನೂಲು ಬಿಚ್ಚಾಣಿಕೆದಾರರು ಎಲ್ಲರೂ ಇರಲಿ. ಎಲಾಸ್ಟಿಕ್ ಉಂಗುರ ಬೆರಳಿನ ಮೇಲೆ ತಿರುಗುತ್ತಿರುವುದರಿಂದ ಒಂದು ಮಣಿಯನ್ನು ಬೇರೆ ಬಣ್ಣದಲ್ಲಿಟ್ಟು ಅಲ್ಲಿಂದ ಎಣಿಸಿ ಬರೆದುಕೊಳ್ಳುವುದು ಅನುಕೂಲ.

ಫಲಿತಾಂಶದಿಂದ ವಿನ್ಯಾಸಕ್ಕೆ

ಪರೀಕ್ಷೆಯಲ್ಲಿ ಮಣಿ ಸೋತಾಗ ಅರಗಿನ ಮೇಲೆ ಪಾಲಿಯುರೆಥೇನ್ ವಾರ್ನಿಷ್ ಬಳಿಯುವ ಯೋಚನೆ ಬರುವುದು ಸಾಮಾನ್ಯ. ಸೋಪಿಗೂ ಸ್ಯಾನಿಟೈಸರಿಗೂ ಅದು ಹೆಚ್ಚು ತಡೆಯುತ್ತದೆ, ನಿಜ. ಆದರೆ ಆಮೇಲೆ ಆ ಮಣಿಯನ್ನು ಕೇವಲ ನೈಸರ್ಗಿಕ ಅರಗಿನದೆಂದು ಮಾರುವಂತಿಲ್ಲ; ಚನ್ನಪಟ್ಟಣದ ಮಾಲಿಗೆ ಹೆಚ್ಚಿನ ಬೆಲೆ ಕೊಡುವವರು ಕೊಡುವುದು ಅದಕ್ಕಾಗಿಯೇ. ಜೇನುಮೇಣದ ತೆಳುಪದರ ನೀರನ್ನು ಕೆಲಕಾಲ ತಡೆಯುತ್ತದೆ, ಮದ್ಯಸಾರವನ್ನಲ್ಲ.

ರಸಾಯನಕ್ಕಿಂತ ವಿನ್ಯಾಸ ಬದಲಿಸುವುದು ಅಗ್ಗ. ಅಂಗೈ ಕಡೆಗೆ ಬರುವ ಮಣಿಗಳೇ ಕಂಬಿ, ಪಾತ್ರೆ, ಹಿಡಿಕೆಗಳಿಗೆ ತಾಗುವುದು. ಉಂಗುರದ ಮೇಲರ್ಧದಲ್ಲಿ ಮಾತ್ರ ಐದಾರು ಮಣಿಗಳನ್ನಿಟ್ಟು, ಕೆಳಗಿನ ಅರ್ಧವನ್ನು ಬರಿಯ ತಂತಿಯಲ್ಲೋ ಲೋಹದ ಪಟ್ಟಿಯಲ್ಲೋ ಮಾಡಿದರೆ ಸವೆಯುವ ಜಾಗದಲ್ಲಿ ಅರಗೇ ಇರುವುದಿಲ್ಲ. ಮಣಿಗಳು ಮೇಲ್ಭಾಗದಲ್ಲೇ ಸ್ಥಿರವಾಗಿ ನಿಲ್ಲುತ್ತವೆ. ಮೇಲೆ ಹೇಳಿದ ಅಳತೆಯ ತೊಡಕೂ ಇದರಿಂದ ನೀಗುತ್ತದೆ, ಏಕೆಂದರೆ ತಂತಿಯ ಭಾಗವನ್ನು ಬೇಕಾದಷ್ಟು ಉದ್ದ ಮಾಡಬಹುದು.

ಲೋಹ ಬಂದ ಮೇಲೆ ಅದರದೇ ನಿಯಮಗಳು ಬರುತ್ತವೆ. ಹಿತ್ತಾಳೆ, ತಾಮ್ರ ಬೆವರಿಗೆ ಬೆರಳನ್ನು ಹಸಿರಾಗಿಸುತ್ತವೆ. ಅಗ್ಗದ ನಿಕ್ಕಲ್ ಲೇಪನ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಯುರೋಪಿಗೆ ಕಳುಹಿಸುವವರು ಚರ್ಮಕ್ಕೆ ಸದಾ ತಾಗುವ ಲೋಹದಿಂದ ವಾರಕ್ಕೆ ಚದರ ಸೆಂ.ಮೀ.ಗೆ 0.5 ಮೈಕ್ರೊಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡುಗಡೆಯಾಗದಂತೆ ನೋಡಿಕೊಳ್ಳಬೇಕು. ಆಭರಣದಲ್ಲಿ ಸೀಸಕ್ಕೆ ಶೇ. 0.05, ಕ್ಯಾಡ್ಮಿಯಮ್ಮಿಗೆ ಶೇ. 0.01 ಅಲ್ಲಿನ ಮಿತಿಗಳು. ಅಮೆರಿಕದಲ್ಲಿ ಮಕ್ಕಳ ವಸ್ತುಗಳ ಮೇಲ್ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. 2007ರಲ್ಲಿ ಸೀಸದ ಬಣ್ಣದ ಕಾರಣಕ್ಕೆ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆದದ್ದನ್ನು ವ್ಯಾಪಾರ ವಲಯ ಮರೆತಿಲ್ಲ. ಅರಗಿನಲ್ಲಿ ದೋಷವಿಲ್ಲದಿದ್ದರೂ ಅದಕ್ಕೆ ಬೆರೆಸುವ ಅಗ್ಗದ ಹಳದಿ, ಕಿತ್ತಳೆ ಪುಡಿಗಳಲ್ಲಿ ಸೀಸವಿರಬಹುದು. ಈ ಪರೀಕ್ಷೆ ಮಾತ್ರ ಕಾರ್ಖಾನೆಯಲ್ಲಿ ಸಾಧ್ಯವಿಲ್ಲ; ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕಳುಹಿಸಬೇಕು.

ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಯಲ್ಲಿದೆ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ದೊರೆತಿದೆ. ಆದರೆ ಚನ್ನಪಟ್ಟಣಕ್ಕೆ 2005-06ರ ಸಾಲಿನಲ್ಲಿ ದೊರೆತ ಭೌಗೋಳಿಕ ಗುರುತಿನ ಹೆಸರು ಆಟಿಕೆ ಮತ್ತು ಗೊಂಬೆಗಳದು. ಉಂಗುರದ ಪೊಟ್ಟಣದ ಮೇಲೆ ಆ ಗುರುತನ್ನು ಮುದ್ರಿಸುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು. ಬಿಡಿ ಮಣಿಗಳು ಮೂರು ವರ್ಷದೊಳಗಿನ ಮಕ್ಕಳ ಗಂಟಲಿಗೆ ಅಪಾಯಕಾರಿ ಎಂಬ ಸೂಚನೆಯೂ ಪೊಟ್ಟಣದ ಮೇಲಿರಬೇಕು.

ಇಷ್ಟೆಲ್ಲ ಪರೀಕ್ಷೆಗೆ ಸಮಯವೆಲ್ಲಿ ಎಂದು ಕೇಳುವವರು ಒಂದು ಲೆಕ್ಕವನ್ನು ಗಮನಿಸಬಹುದು. 45 ರೂಪಾಯಿ ಖರ್ಚಿನ ಉಂಗುರವನ್ನು 60 ರೂಪಾಯಿಗೆ ಮಾರಿದರೆ ನೂರಕ್ಕೆ ಲಾಭ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ಅಂತರಜಾಲದ ಮಾರಾಟದಲ್ಲಿ ಹಿಂದಿರುಗಿದ ಪ್ರತಿ ಉಂಗುರಕ್ಕೆ 60 ರೂಪಾಯಿ ಮರುಪಾವತಿ, ಸಾಗಣೆಗೆ 40 ರೂಪಾಯಿ ಹೋದರೆ, ನೂರರಲ್ಲಿ 15 ಹಿಂದಿರುಗಿದೊಡನೆ ಲಾಭವೆಲ್ಲ ಕರಗಿಹೋಗುತ್ತದೆ. ಉರುಳು ಡಬ್ಬಿಗೆ ಬೇಕಾಗುವುದು ನೂರು ಮಣಿ, ಎರಡು ಗಂಟೆ ಮತ್ತು ಒಂದು ಹಿಡಿ ಮರಳು.

ಪೊಟ್ಟಣದೊಳಗೆ ಇಡುವ ಚೀಟಿಯಲ್ಲಿ ನಾಲ್ಕು ಸಾಲು ಸಾಕು: ಸೋಪು ಹಚ್ಚುವ ಮೊದಲು ಉಂಗುರ ತೆಗೆಯಿರಿ, ಸ್ಯಾನಿಟೈಸರ್, ಅತ್ತರು ತಾಗಿಸಬೇಡಿ, ಬಿಸಿಲಿನ ಕಾರಿನಲ್ಲಿ ಇಡಬೇಡಿ, ಮಂಕಾದರೆ ಒಣ ಹತ್ತಿಬಟ್ಟೆಯಿಂದ ಉಜ್ಜಿರಿ. ಅದರ ಕೆಳಗೆ ತಯಾರಿಕೆಯ ತಂಡದ ಸಂಖ್ಯೆ ಬರೆದು, ಅದೇ ತಂಡದ ಹತ್ತು ಉಂಗುರಗಳನ್ನು ಬೆಳಕು ಬೀಳದ ಡಬ್ಬಿಯಲ್ಲಿ ಒಂದು ವರ್ಷ ತೆಗೆದಿಟ್ಟರೆ, ದೂರು ಬಂದಾಗ ಹೋಲಿಸಿ ನೋಡಲು ಮಾಲು ಕೈಯಲ್ಲೇ ಇರುತ್ತದೆ.